ಗೀಸರ್ ಮುಚ್ಚಳದ ಒಳಗಿನ ನಾಲ್ಕು ಸಾಲು

ಬೆಳಗಿನ ಐದೂಮುಕ್ಕಾಲು. ಎರಡನೇ ಮಹಡಿಯ ಮನೆಯೊಂದರ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಹತ್ತಿ ನಿಂತ ಹೆಂಗಸೊಬ್ಬರು ಗೀಸರಿನ ಹೊಟ್ಟೆಗೆ ಕಿವಿ ಹಚ್ಚಿ ಆಲಿಸುತ್ತಿದ್ದಾರೆ. ಹಲ್ಲಿನ ನಡುವೆ ಟೆಸ್ಟರ್, ಹೆಗಲ ಮೇಲೆ ಹಳೇ ಟವೆಲು. ಬಾಗಿಲಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ನಿಂತಿದ್ದಾರೆ. ಅಕ್ಕನ ಕೈಯಲ್ಲಿ ಟಾರ್ಚು, ತಂಗಿಯ ಕೈಯಲ್ಲಿ ಒದ್ದೆ ಕೊಡೆ. ಮನೆಯೊಳಗೆ ಕೊಡೆ ಯಾಕೆಂದರೆ, ಮೂರು ದಿನದಿಂದ ಗೀಸರ್ ತೊಟ್ಟಿಕ್ಕುತ್ತಿದೆ. ಅದರ ನೇರ ಕೆಳಗೇ ಬೇಸಿನ್ ಇದೆ. ಹಲ್ಲುಜ್ಜುವಾಗ ನೆತ್ತಿಯ ಮೇಲೆ ಹನಿ ಬಿದ್ದರೆ ತಂಗಿಗೆ ಮೈಯೆಲ್ಲಾ ಉರಿಯುತ್ತದೆ.

ಸ್ಟೂಲಿನ ಮೇಲಿರುವವರನ್ನು ಸುತ್ತಲಿನ ಏಳೆಂಟು ಬೀದಿಗಳಲ್ಲಿ ಬಿಸಿನೀರಕ್ಕ ಅಂದರೆ ಮಾತ್ರ ಗೊತ್ತು. ಅವರಿಗಿಂತ ಹದಿನೆಂಟು ವರ್ಷ ದೊಡ್ಡವರಾದ ಈ ಮನೆಯ ಟೀಚರ್, ಅಂದರೆ ಟಾರ್ಚು ಹಿಡಿದ ಅಕ್ಕ ಕೂಡ ಊರ ಮುಂದೆ ಹಾಗೇ ಕರೆಯುತ್ತಾರೆ. ಯಾವ ವೇದಿಕೆಗೂ ಇವರನ್ನು ಹತ್ತಿಸಿಲ್ಲ, ಯಾರೂ ಶಾಲು ಹೊದಿಸಿಲ್ಲ. ಬೆಳಗ್ಗೆ ನಲ್ಲಿ ತಿರುಗಿಸಿ, ತಣ್ಣೀರು ಕೈಗೆ ತಾಗಿ, 'ಅಯ್ಯೋ' ಅಂದವರಿಗೆ ಮಾತ್ರ ಇವರ ನೆನಪಾಗುವುದು. ಬಿಸಿನೀರು ಬರುತ್ತಿರುವಷ್ಟು ದಿನ ಯಾರಾದರೂ ಗೀಸರ್ ರಿಪೇರಿಯವರನ್ನು ನೆನೆಯುತ್ತಾರೆಯೇ?

ಮೊದಲು ಕರೆಂಟು ಆರಿಸುತ್ತಾರೆ. ಆಮೇಲೆ ಗೀಸರಿನ ಕೆಳಭಾಗದ ದುಂಡನೆಯ ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಟವೆಲಿನ ಮಡಿಕೆಗೆ ಹಾಕಿಕೊಳ್ಳುತ್ತಾರೆ. ಮುಚ್ಚಳ ಕೈಗೆ ಬರುತ್ತದೆ, ಜೊತೆಗೆ ಒಂದು ಲೋಟದಷ್ಟು ತುಕ್ಕುನೀರೂ ಮುಂಗೈ ಮೇಲೆ ಸುರಿಯುತ್ತದೆ. ಮೇಲೆ ಟ್ಯಾಂಕಿನ ಬೆಸುಗೆ ಬಿರುಕು ಬಿಟ್ಟಿರುವುದು ಕುರುಡರಿಗೂ ಕಾಣುವಂತಿದೆ. ಆದರೆ ಬಿಸಿನೀರಕ್ಕ ಮೇಲೆ ನೋಡುವುದೇ ಇಲ್ಲ. ಸ್ಟೂಲಿನ ಮೇಲೆ ನಿಂತಂತೆಯೇ ಮುಚ್ಚಳದ ಒಳಬದಿಯನ್ನು ಟವೆಲಿನ ತುದಿಯಿಂದ ಒತ್ತಿ ಒತ್ತಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಾರೆ.

ಟೀಚರ್ ನಲವತ್ತು ವರ್ಷ ಮಕ್ಕಳ ಕೈಗಳ ಮೇಲೆ ಕಣ್ಣಿಟ್ಟು ಬದುಕಿದವರು. ಅವರ ಕಣ್ಣು ತಪ್ಪಿಸುವುದು ಅಷ್ಟು ಸುಲಭವಲ್ಲ. "ಅಲ್ಲಮ್ಮಾ, ನೀರು ನಿಲ್ಲಿಸೋದು ಬಿಟ್ಟು ಮುಚ್ಚಳ ಯಾಕೆ ಒರೆಸ್ತಾ ಇದ್ದೀಯ?" ಎನ್ನುತ್ತಾರೆ.

ಬಿಸಿನೀರಕ್ಕ ಒರೆಸುತ್ತಲೇ ಇರುತ್ತಾರೆ. ಆ ಪ್ರಶ್ನೆಗೆ ಅವರ ಬಳಿ ಉತ್ತರವಿದೆ, ಹೇಳಿದರೆ ಹನ್ನೊಂದು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಹೆಸರು ಇದೇ ಬಚ್ಚಲಿನ ಮೋರಿಯಲ್ಲಿ ಹರಿದುಹೋಗಬಹುದು ಎನ್ನುವುದೂ ಗೊತ್ತಿದೆ. ಈ ಕಟ್ಟಡವೊಂದರಲ್ಲೇ ನಲವತ್ತು ಮನೆಗಳಿವೆ. ಕೊಡೆ ಹಿಡಿದ ತಂಗಿಯ ನಾಲಿಗೆಗೆ ನಲವತ್ತೂ ಮನೆ ಸುತ್ತಲು ಅರ್ಧ ದಿನ ಸಾಕು.

ಮುಚ್ಚಳದ ಕಥೆ ಶುರುವಾಗುವುದು ಬಿಸಿನೀರಕ್ಕನಿಂದಲ್ಲ, ಅವರ ಗಂಡನಿಂದ. ಒಂದು ಕಾಲಕ್ಕೆ ಈ ಬೀದಿಗಳ ಗೀಸರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಆಗಿನ ಗೀಸರುಗಳೋ, ಇಬ್ಬರು ಹಿಡಿದರೂ ಸೊಂಟ ಹಿಡಿಯುವಂಥವು. ಒಳಗೆ ತಾಮ್ರ, ಹೊರಗೆ ದಪ್ಪ ತಗಡು. ಒಮ್ಮೆ ಗೋಡೆಗೆ ಏರಿದರೆ ಮನೆಯ ಮಕ್ಕಳು ಬೆಳೆದು ಮದುವೆಯಾಗುವವರೆಗೂ ಇಳಿಯುತ್ತಿರಲಿಲ್ಲ. ಮೇಸ್ತ್ರಿ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ತಿರುಗುತ್ತಿದ್ದರು. ಕಿವಿಯ ಸಂದಿಯಲ್ಲಿ ಬಡಗಿಗಳು ಇಟ್ಟುಕೊಳ್ಳುವ ದಪ್ಪ ಪೆನ್ಸಿಲ್ ಸದಾ ಇರುತ್ತಿತ್ತು.

ಆ ಪೆನ್ಸಿಲಿನಿಂದ ಅವರು ಮಾಡುತ್ತಿದ್ದ ಕೆಲಸ ಬೇರೆ ರಿಪೇರಿಯವರು ಮಾಡುತ್ತಿದ್ದದ್ದಲ್ಲ. ಪ್ರತಿ ಮುಚ್ಚಳದ ಒಳಗೆ ತಾರೀಖು ಬರೆಯುತ್ತಿದ್ದರು, ಏನು ಬದಲಾಯಿಸಿದೆ ಎಂದು ಬರೆಯುತ್ತಿದ್ದರು, ಕೊನೆಗೆ ಮುಂದೆ ಬರುವ ರಿಪೇರಿಯವನಿಗೆ ಒಂದೆರಡು ಮಾತು ಸೇರಿಸುತ್ತಿದ್ದರು. 'ಇಲ್ಲಿನ ಗೋಡೆ ಟೊಳ್ಳು, ಬೋಲ್ಟ್ ಜೋರಾಗಿ ಎಳೆಯಬೇಡಿ.' 'ಯಜಮಾನರಿಗೆ ಕಿವಿ ಕೇಳಿಸದು, ಬೆಲ್ ಎರಡು ಸಲ ಒತ್ತಿ.' 'ನಾಯಿ ಬೊಗಳುತ್ತೆ ಅಷ್ಟೇ.' ಮನೆಯವರಿಗೆ ತಮ್ಮ ತಲೆಯ ಮೇಲೆ ಹೀಗೊಂದು ಬರಹ ತೂಗುತ್ತಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಮುಚ್ಚಳ ತೆಗೆದವನಿಗೆ ಮಾತ್ರ ಕಾಣಬೇಕು, ಹಾಕಿದ ಮೇಲೆ ಕತ್ತಲೆ.

ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿಯ ಬಲಗೈ ನಡುಗಲು ಶುರುವಾಯಿತು. ಮೊದಲು ಸ್ಕ್ರೂ ಜಾರಿತು, ಆಮೇಲೆ ಸ್ಪ್ಯಾನರ್ ಜಾರಿತು. ಒಂದು ದಿನ ಪೆನ್ಸಿಲ್ ಹಿಡಿದರೆ ತಾರೀಖಿನ ಬದಲು ಬರೀ ಗೀಟುಗಳು ಮೂಡಿದವು. ಅವತ್ತು ಮನೆಗೆ ಬಂದವರು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಎಂಟು ತಿಂಗಳು ಮನೆ ನಡೆದದ್ದು ಉಳಿತಾಯದಲ್ಲಿ. ಅದೂ ತಳ ಕಂಡ ಮೇಲೆ ಪೆಟ್ಟಿಗೆಯನ್ನು ಹೊರಗೆಳೆದವರು ಹೆಂಡತಿ.

"ಫೋನ್ ತಗೊಂಡು ವಿಳಾಸ ಬರ್ಕೊಳ್ಳೋದು ಬಿಟ್ರೆ ನಂಗೇನೂ ಬರ್ತಿರಲಿಲ್ಲ. ಮೊದಲನೇ ವರ್ಷ ಇವರು ಬಚ್ಚಲ ಬಾಗಿಲಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಕೂತು ಹೇಳೋರು, ನಾನು ಒಳಗೆ ಮಾಡ್ತಿದ್ದೆ. ಒಂದಿನ ಉಲ್ಟಾ ತಿರುಗಿಸಿ ಮೈಯೆಲ್ಲಾ ನೆನೆದು ನಿಂತೆ. ಇವರು ನಕ್ಕರು ನೋಡಿ, ಎಂಟು ತಿಂಗಳಾದ ಮೇಲೆ ಅವತ್ತೇ ನಕ್ಕಿದ್ದು. ಆಮೇಲೆ ಈ ಕೆಲಸ ಬಿಡೋದು ಹೇಗೆ ಹೇಳಿ" ಎನ್ನುತ್ತಾರೆ ಬಿಸಿನೀರಕ್ಕ.

ಶುರುವಿನಲ್ಲಿ ಬಾಗಿಲು ತೆರೆದವರೆಲ್ಲ ಇವರ ಬೆನ್ನ ಹಿಂದೆ ಇಣುಕಿ, ರಿಪೇರಿಯವರು ಎಲ್ಲಿ ಎಂದು ಕೇಳುತ್ತಿದ್ದರಂತೆ. ಮೆಟ್ಟಿಲು ಹತ್ತುತ್ತಿದ್ದಾರೆ ಎಂದು ಹೇಳಿ, ಅಷ್ಟರಲ್ಲಿ ತಾವೇ ಕೆಲಸ ಮುಗಿಸಿಬಿಡುತ್ತಿದ್ದರಂತೆ. ಈಗ ಯಾರೂ ಇಣುಕುವುದಿಲ್ಲ. ಮೇಸ್ತ್ರಿ ಮನೆಯ ಕಿಟಕಿ ಪಕ್ಕ ಫೋನು ಸ್ಪೀಕರಿಗೆ ಹಾಕಿ ಕೂರುತ್ತಾರೆ. ಗಿರಾಕಿಗಳು ತಮ್ಮ ಫೋನನ್ನು ಗೀಸರಿನ ಹತ್ತಿರ ಹಿಡಿದರೆ ಸಾಕು, ಮೇಸ್ತ್ರಿ ಕೂತಲ್ಲಿಂದಲೇ ರೋಗ ಹೇಳುತ್ತಾರೆ. ಗುಂಯ್ ಎಂದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿದೆ. ಟಿಕ್ ಟಿಕ್ ಎಂದರೆ ಥರ್ಮೋಸ್ಟ್ಯಾಟ್ ಕೈಕೊಡುತ್ತಿದೆ. ಯಾವ ಸದ್ದೂ ಇಲ್ಲವೆಂದರೆ, ಮೊದಲು ಸ್ವಿಚ್ ಹಾಕಿದ್ದೀರಾ ನೋಡಿ ಎನ್ನುತ್ತಾರೆ. ಹಾಗೆ ಸ್ವಿಚ್ ಹಾಕದೆ ಫೋನ್ ಮಾಡುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ಅವರಿಂದ ಕಾಸು ತೆಗೆದುಕೊಳ್ಳುವುದಿಲ್ಲ, ನಗು ಮಾತ್ರ ಇಬ್ಬರೂ ಹಂಚಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ದಿನಕ್ಕೆ ಐದು ಮನೆ, ಬೇಸಿಗೆಯಲ್ಲಿ ಒಂದೋ ಎರಡೋ. ಹೆಗಲ ಚೀಲದ ತೂಕ ಹನ್ನೊಂದು ಕಿಲೋ. ದಿನಕ್ಕೆ ಹತ್ತುವ ಮೆಟ್ಟಿಲು ಮುನ್ನೂರರ ಮೇಲೆ, ಲಿಫ್ಟು ಇರುವ ಕಡೆ ಗೀಸರ್ ಕೆಡುವುದೇ ಇಲ್ಲವೇನೋ ಎಂದು ಅವರ ಮಂಡಿಗೆ ಅನುಮಾನ. ಎಲ್ಲ ಖರ್ಚು ಕಳೆದು ಒಳ್ಳೆಯ ದಿನ ಕೈಗೆ ಒಂಬೈನೂರೋ ಸಾವಿರವೋ ಉಳಿದರೆ ಅದೇ ಹಬ್ಬ.

ಹೊಸ ಗೀಸರ್ ಹಾಕಿಸುವ ವಿಷಯದಲ್ಲಿ ಮಾತ್ರ ಬಿಸಿನೀರಕ್ಕನ ಮಾತಿಗೆ ಇಲ್ಲಿ ಬೆಲೆ ಜಾಸ್ತಿ. ಅಂಗಡಿಯವರು ಒಂದು ರೇಟು ಹೇಳುತ್ತಾರೆ, ಮನೆಗೆ ಬಂದ ಮೇಲೆ ಅದು ಬಾಲ ಬೆಳೆಸಿಕೊಳ್ಳುತ್ತದೆ. ಬಿಸಿನೀರಕ್ಕ ಆ ಬಾಲವನ್ನೂ ಮೊದಲೇ ಹೇಳಿಬಿಡುತ್ತಾರೆ. ಗೀಸರಿಗೆ ಎಂಟು ಸಾವಿರದ ಇನ್ನೂರು. ಎರಡು ಪೈಪಿಗೆ ಐನೂರು, ಸೇಫ್ಟಿ ವಾಲ್ವಿಗೆ ಆರುನೂರು. ಗೋಡೆ ಕೊರೆದು ಬೋಲ್ಟ್ ಕೂರಿಸಲು ನಾನೂರು, ಹಳೇ ವೈರು ತೆಗೆದು ದಪ್ಪದ್ದು ಎಳೆಯಲು ಒಂಬೈನೂರು, ಮೇಲೆ ಹೊರಲು ಮುನ್ನೂರು, ಕೂಲಿ ಒಂದೂವರೆ ಸಾವಿರ. ಒಟ್ಟು ಹನ್ನೆರಡು ಸಾವಿರದ ನಾನೂರು. "ಅಂಗಡಿಯವರು ಹೇಳೋದು ಡಬ್ಬದ ರೇಟು. ನಾನು ಹೇಳೋದು ಬಿಸಿನೀರಿನ ರೇಟು" ಎನ್ನುತ್ತಾರೆ. ಅಷ್ಟು ದುಡ್ಡು ಯಾರ ಮನೆಯಲ್ಲೂ ಸುಮ್ಮನೆ ಬಿದ್ದಿರುವುದಿಲ್ಲ ಎನ್ನುವುದು ಅವರಿಗೂ ಗೊತ್ತು. ಅದಕ್ಕೇ ಕಾಯಿಲ್ ಹೋದರೆ ರಿಪೇರಿ, ಥರ್ಮೋಸ್ಟ್ಯಾಟ್ ಹೋದರೆ ರಿಪೇರಿ, ಟ್ಯಾಂಕಿಗೆ ತುಕ್ಕು ಹಿಡಿದರೆ ಮಾತ್ರ ಹೊಸದು ಎನ್ನುವುದು ಮೇಸ್ತ್ರಿಯ ಕಾಲದ ಕಾನೂನು. ಹೊಸದು ಬೇಕೆಂದು ಬಿಸಿನೀರಕ್ಕ ಹೇಳಿದರೆ ಯಾರೂ ಎರಡನೇ ಮಾತು ಆಡುವುದಿಲ್ಲ, ಬೇಡವೆಂದರೂ ಆಡುವುದಿಲ್ಲ.

ಆ ಕಾನೂನನ್ನು ಅವರು ಮುರಿದದ್ದು ಒಂದೇ ಮನೆಯಲ್ಲಿ. ಅದು ಟೀಚರ್ ಮನೆ.

ಹಳೇ ಗೀಸರುಗಳು ಒಂದೊಂದಾಗಿ ಇಳಿಯುತ್ತಾ ಬಂದವು. ಮುನ್ನೂರು ಮುಚ್ಚಳಗಳಲ್ಲಿ ಇದ್ದ ಗಂಡನ ಅಕ್ಷರ ಇನ್ನೂರಾಯಿತು, ಐವತ್ತಾಯಿತು, ಹತ್ತಾಯಿತು. ಗುಜರಿಯವರು ತಗಡನ್ನು ತೂಕಕ್ಕೆ ಹಾಕಿಕೊಂಡು ಹೋಗುತ್ತಿದ್ದರೆ ಇವರು ಸುಮ್ಮನೆ ನೋಡುತ್ತಿದ್ದರು. ಎಷ್ಟಂತ ಎತ್ತಿಟ್ಟುಕೊಳ್ಳುವುದು, ಒಂದೂವರೆ ಕೋಣೆಯ ಮನೆಯಲ್ಲಿ? ಹೋದ ವರ್ಷದ ಹೊತ್ತಿಗೆ ಉಳಿದದ್ದು ಇದೊಂದೇ. ಇದರಲ್ಲೋ ಬೇರೆ ಯಾವುದರಲ್ಲೂ ಇಲ್ಲದ ಒಂದು ಮಾತಿತ್ತು. ಹದಿನಾಲ್ಕು ತಿಂಗಳ ಹಿಂದೆ ಕಾಯಿಲ್ ಹೋಯಿತು, ಬದಲಾಯಿಸಿದರು, ಅದು ನ್ಯಾಯ. ಆರು ತಿಂಗಳ ಹಿಂದೆ ಥರ್ಮೋಸ್ಟ್ಯಾಟ್ ಹೋದಾಗ ಬೆಸುಗೆಯ ಉದ್ದಕ್ಕೂ ಕೆಂಪು ಗೆರೆ ಕಂಡಿತು. ಫೋನಿನಲ್ಲಿ ಸದ್ದು ಕೇಳಿದ ಮೇಸ್ತ್ರಿ, ಇದರ ಆಯಸ್ಸು ಮುಗಿದಿದೆ, ಹೊಸದು ಹಾಕಿಸಿ ಅಂತ ಹೇಳಿಬಿಡು ಎಂದರು. ಇವರು, ಇನ್ನೂ ಒಂದು ಚಳಿಗಾಲ ತಡೆಯುತ್ತೆ ಎಂದು ಮುಚ್ಚಳ ಮುಚ್ಚಿದರು. ಎರಡು ತಿಂಗಳ ಹಿಂದೆ ವಾಲ್ವು ಸೋರಿತು. ಅದನ್ನೂ ಬದಲಾಯಿಸಿ ಮತ್ತೆ ಮುಚ್ಚಿದರು. ಕೊನೆಯ ಆ ಎರಡು ಸಲಕ್ಕೆ ಟೀಚರ್ ಕೊಟ್ಟದ್ದು ಎರಡು ಸಾವಿರದ ಎಂಟುನೂರು.

ಇವತ್ತು ಬೆಳಗ್ಗೆ ಸ್ಟೂಲಿನ ಮೇಲೆ ನಿಂತು ಮುಚ್ಚಳ ಒರೆಸಿ ಮುಗಿಸಿ, ಕೊನೆಗೂ ಮೇಲೆ ನೋಡಿದಾಗ ಅವರಿಗೆ ಕಂಡದ್ದು ಸೋರಿಕೆಯೊಂದೇ ಅಲ್ಲ. ವೈರುಗಳು ಕೂಡುವ ಜಾಗಕ್ಕೂ ನೀರಿನ ಗೆರೆಗೂ ನಡುವೆ ಎರಡು ಬೆರಳು ಅಂತರ ಇತ್ತು. ಕೆಳಗೆ ತಂಗಿ ಒದ್ದೆ ಕೊಡೆ ಹಿಡಿದು ಮೂರು ದಿನದಿಂದ ಹಲ್ಲುಜ್ಜುತ್ತಿದ್ದ ಜಾಗ. ಇನ್ನೆರಡು ದಿನ ಹೋಗಿ, ಆ ನೀರಿನಲ್ಲೇ ಕರೆಂಟು ಹರಿದಿದ್ದರೆ? ಬಿಸಿನೀರಕ್ಕ ಸ್ಟೂಲಿನಿಂದ ಇಳಿದು, ಮೂಲೆಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿ, ಮುಚ್ಚಳವನ್ನು ಎದೆಗೆ ಆನಿಸಿಕೊಂಡು ನಿಲ್ಲುತ್ತಾರೆ.

"ಟೀಚರ್, ಆರು ತಿಂಗಳ ಹಿಂದೇನೇ ಇದನ್ನ ತೆಗೆಸಿ ಅನ್ನಬೇಕಿತ್ತು. ಅನ್ನಲಿಲ್ಲ. ಇದರೊಳಗೆ ನಮ್ಮನೆಯವರ ಅಕ್ಷರ ಇದೆ. ಇದೊಂದೇ ಉಳಿದಿರೋದು. ನನ್ನ ಆಸೆಗೆ ನಿಮ್ಮ ಕೈಲಿ ದುಡ್ಡು ಹಾಕಿಸಿದೆ" ಎನ್ನುತ್ತಾರೆ.

ಮೊದಲು ಬಾಯಿ ತೆರೆಯುವುದು ತಂಗಿ. "ಅಂದ್ರೆ ನಾನು ಇಷ್ಟು ದಿನ ಕೊಡೆ ಹಿಡ್ಕೊಂಡು ನಿಂತಿದ್ದು ನಿನ್ನ ಗಂಡನ ಕೈಬರಹಕ್ಕಾ?"

ಬಿಸಿನೀರಕ್ಕ ಹೌದೆಂದು ತಲೆಯಾಡಿಸುತ್ತಾರೆ. ಕೊಟ್ಟ ದುಡ್ಡು ಪೂರಾ ವಾಪಸು ಕೊಡುತ್ತೇನೆ, ಒಂದೇ ಸಲಕ್ಕೆ ಆಗದಿದ್ದರೂ ತಿಂಗಳಿಗಿಷ್ಟು ಅಂತ ತೀರಿಸುತ್ತೇನೆ, ಇನ್ನೊಬ್ಬರನ್ನು ಕರೆಸಿ ಹೊಸದು ಹಾಕಿಸಿಕೊಳ್ಳಿ, ಬೇಜಾರು ಮಾಡಿಕೊಳ್ಳುವುದಿಲ್ಲ ಎನ್ನುತ್ತಾರೆ. ಟೀಚರ್ ಕೈ ಚಾಚುತ್ತಾರೆ. ಮುಚ್ಚಳ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಉತ್ತರಪತ್ರಿಕೆ ಓದುವ ದನಿಯಲ್ಲಿ ಓದುತ್ತಾರೆ. ಮೇಲೆ ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖು. ಅದರ ಕೆಳಗೆ ನಾಲ್ಕು ಸಾಲು:

'ವೈರು, ವಾಷರ್ ಹೊಸದು.
ಮನೆಯಲ್ಲಿ ಹಸುಗೂಸು ಇದೆ, ಮುಂದೆ ಬರುವವರು ಕಾವು ಹೆಚ್ಚಿಸಬೇಡಿ.
ಇವತ್ತು ಜೊತೆಗೆ ನಮ್ಮನೆಯವಳೂ ಬಂದಿದ್ದಾಳೆ.
ಸ್ಕ್ರೂ ಬಿಗಿ ಮಾಡಿದ್ದು ಅವಳೇ, ಚೆನ್ನಾಗಿ ಮಾಡಿದ್ದಾಳೆ.'

ಕೊನೆಯ ಸಾಲಿನ ಅರ್ಧ ತುಕ್ಕುನೀರಿಗೆ ಕಲಸಿಹೋಗಿದೆ. ಬಿಸಿನೀರಕ್ಕ ಅದನ್ನು ನೋಡದೆಯೇ ಪೂರ್ತಿ ಮಾಡಿ ಹೇಳುತ್ತಾರೆ.

ಅವತ್ತು ಗಂಡಹೆಂಡಿರಿಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಸಿನಿಮಾಕ್ಕೆ ಹೊರಟಿದ್ದರಂತೆ. ದಾರಿಯಲ್ಲಿ ಟೀಚರ್ ಅಡ್ಡಗಟ್ಟಿ, ಕೂಸಿಗೆ ನೀರು ಹಾಕಬೇಕು, ಗೀಸರ್ ನಿಂತಿದೆ, ಐದೇ ನಿಮಿಷ ಬಂದು ನೋಡಿ ಎಂದಿದ್ದರು. ಐದು ನಿಮಿಷ ಒಂದೂವರೆ ಗಂಟೆಯಾಯಿತು. ಕೊನೆಗೆ ಮೇಸ್ತ್ರಿ, ಸುಮ್ಮನೆ ನಿಂತ ಹೆಂಡತಿಯ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ನೀನೇ ಬಿಗಿ ಮಾಡು ಎಂದರು. "ಸಿನಿಮಾಕ್ಕೆ ಹೋದಾಗ ಇಂಟರ್ವಲ್ ಮುಗಿದಿತ್ತು. ಅದರ ಕಥೆ ಏನೂಂತ ನಂಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಗ್ಗೆ ಬರ್ದಿದ್ದಾರೆ ಅನ್ನೋದೂ ಗೊತ್ತಿರಲಿಲ್ಲ. ಕೆಲಸಕ್ಕೆ ಇಳಿದು ಎರಡು ವರ್ಷ ಆದ್ಮೇಲೆ ಇಲ್ಲಿಗೆ ಬಂದು ಮುಚ್ಚಳ ತೆಗೆದೆ ನೋಡಿ, ಆಗ ಗೊತ್ತಾಯ್ತು" ಎನ್ನುತ್ತಾ ಬಿಸಿನೀರಕ್ಕ ಒದ್ದೆ ಟವೆಲಿನಿಂದಲೇ ಮುಖ ಒರೆಸಿಕೊಳ್ಳುತ್ತಾರೆ.

ಆ ಹಸುಗೂಸು ತಂಗಿಯ ಮೊಮ್ಮಗಳು. ಈಗ ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳ ಎಳೆ ಮೈ ಸುಡದಿರಲಿ ಎಂದು ಹೊರಗಿನವರೊಬ್ಬರು ಬರೆದಿಟ್ಟ ಮಾತು ಇಷ್ಟು ವರ್ಷ ತಮ್ಮ ಬಚ್ಚಲಲ್ಲೇ ಇತ್ತು ಎಂದರೆ ತಂಗಿಗೆ ನಂಬಲಾಗುವುದಿಲ್ಲ. ಇನ್ನೊಮ್ಮೆ ಓದು ಎಂದು ಅಕ್ಕನಿಗೆ ಹೇಳುತ್ತಾರೆ. ಎರಡನೇ ಸಲ ಕೇಳಿದ ಮೇಲೆ ಕೊಡೆಯನ್ನು ಮಡಚಿ ಮೂಲೆಗಿಡುತ್ತಾರೆ.

ಟೀಚರ್ ಮಾತ್ರ ಕರಗುವುದಿಲ್ಲ. ಕ್ಷಮಿಸಿದೆ ಅಂತ ಹೇಳಿ ಕೈ ತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಮೊದಲನೇ ಸಲದ್ದು ರಿಪೇರಿ, ಅದಕ್ಕೆ ಕೊಟ್ಟದ್ದು ಕೊಟ್ಟಾಯಿತು ಎನ್ನುತ್ತಾರೆ. ಆಮೇಲಿನ ಎರಡು ಸಲದ್ದು ನಿನ್ನ ಆಸೆ, ಆ ಎರಡು ಸಾವಿರದ ಎಂಟುನೂರನ್ನು ಹೊಸದರ ಲೆಕ್ಕದಲ್ಲಿ ಮುರಿದುಕೊಂಡು ಒಂಬತ್ತು ಸಾವಿರದ ಆರುನೂರು ಕೊಡುತ್ತೇನೆ ಎನ್ನುತ್ತಾರೆ. ಬಿಸಿನೀರಕ್ಕನಿಗೆ ಆ ಮುರಿದುಕೊಂಡ ದುಡ್ಡು ಮೂರು ದಿನದ ದುಡಿಮೆ. ತಲೆ ಎತ್ತದೆ ಸರಿ ಎನ್ನುತ್ತಾರೆ, ಅವರಿಗೂ ಅದಕ್ಕಿಂತ ಕಡಿಮೆ ದಂಡಕ್ಕೆ ಒಪ್ಪಲು ಮನಸ್ಸಿಲ್ಲ.

ಇನ್ನೊಬ್ಬರನ್ನು ಕರೆಸುವ ಮಾತಿಗೂ ಟೀಚರ್ ಉತ್ತರ ಕೊಟ್ಟೇ ಬಿಡುತ್ತಾರೆ. "ಬರೋ ಹೊಸಬರು ಯಾವಾಗ ಸುಳ್ಳು ಹೇಳ್ತಾರೋ ನಂಗೇನು ಗೊತ್ತು? ನೀನಾದ್ರೆ ಒಂದು ಸಲ ಹೇಳಿ ಒದ್ದಾಡಿದ್ದೀಯ. ನೀನೇ ಹಾಕು. ಈ ಮುಚ್ಚಳ ಗುಜರಿಗೆ ಹಾಕಬೇಡ, ಮನೆಗೆ ತಗೊಂಡು ಹೋಗು."

ಮಧ್ಯಾಹ್ನದ ಹೊತ್ತಿಗೆ ಹೊಸ ಗೀಸರ್ ಗೋಡೆ ಏರುತ್ತದೆ. ಬಿಳಿ ಬಣ್ಣದ್ದು, ಹಗುರ, ಹಳೆಯದರ ಮುಂದೆ ಆಟದ ಸಾಮಾನು. ಅಂಗಡಿಯಲ್ಲಿ ಕ್ಲಿಪ್ ಒತ್ತಿದರೆ ಬಿಚ್ಚಿಕೊಳ್ಳುವ ಮುಚ್ಚಳದ್ದೂ ಇತ್ತು, ಬಿಸಿನೀರಕ್ಕ ಹಟ ಹಿಡಿದು ಸ್ಕ್ರೂ ಇರುವುದನ್ನೇ ಆರಿಸಿದರು. ಮುಚ್ಚುವ ಮೊದಲು ಚೀಲದಿಂದ ದಪ್ಪ ಪೆನ್ಸಿಲ್ ತೆಗೆಯುತ್ತಾರೆ. ತಾರೀಖು ಬರೆಯುತ್ತಾರೆ, ಪೈಪು, ವಾಲ್ವು, ವೈರು ಎಲ್ಲ ಹೊಸದೆಂದು ಬರೆಯುತ್ತಾರೆ. ಮುಂದೆ ಬರುವವರಿಗೆ ಏನು ಬರೆಯಲಿ ಎಂದು ಕೇಳಿದರೆ ತಂಗಿ ತಡಮಾಡದೆ, ತುಕ್ಕು ಕಂಡ ದಿನವೇ ಹೇಳಬೇಕು ಅಂತ ಬರಿ ಎನ್ನುತ್ತಾರೆ. ಬಿಸಿನೀರಕ್ಕ ಒಂದಕ್ಷರ ಬಿಡದೆ ಅದನ್ನೇ ಬರೆಯುತ್ತಾರೆ.

ಹಳೇ ಮುಚ್ಚಳ ಅವತ್ತು ಸಂಜೆ ಮೇಸ್ತ್ರಿಯ ತೊಡೆಯ ಮೇಲೆ ಬಂದು ಕೂರುತ್ತದೆ. ನಡೆದದ್ದನ್ನೆಲ್ಲ ಬಿಸಿನೀರಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಎರಡು ಸಾವಿರದ ಎಂಟುನೂರನ್ನೂ ಸೇರಿಸಿ. ಮೇಸ್ತ್ರಿ ಬೈಯುವುದಿಲ್ಲ. ನಡುಗುವ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ಓದುತ್ತಾರೆ. ಕೊನೆಯ ಸಾಲಿಗೆ ಬಂದಾಗ ಅವರಿಗೆ ನಗು ಉಕ್ಕುತ್ತದೆ.

"ನಾಲ್ಕು ಸ್ಕ್ರೂನಲ್ಲಿ ಒಂದು ಸಡಿಲ ಇತ್ತು ಕಣೇ. ನೀನು ಕೈ ತೊಳೆಯೋಕೆ ಹೋದಾಗ ಮುಚ್ಚಳ ಬಿಚ್ಚಿ ಈ ಸಾಲು ಬರೆದು, ನಾನೇ ಮತ್ತೆ ಬಿಗಿ ಮಾಡ್ದೆ. ಅದನ್ನ ಹೊರಗೆ ಹೇಗೆ ಹೇಳ್ಲಿ, ಸಿನಿಮಾ ಬೇರೆ ತಪ್ಪಿಸಿದ್ದೆ."

ಬಿಸಿನೀರಕ್ಕ ಅವರನ್ನು ದುರುಗುಟ್ಟಿ ನೋಡುತ್ತಾರೆ. ಆ ಒಂದು ಸಾಲಿಗಾಗಿ ಹೆಸರನ್ನೇ ಪಣಕ್ಕಿಟ್ಟಿದ್ದೆನಲ್ಲ ಎಂದು ಸಿಟ್ಟೂ ಬರುತ್ತದೆ, ಸಿಟ್ಟಿನ ಹಿಂದೆಯೇ ನಗು ನುಗ್ಗುತ್ತದೆ. ಮುಚ್ಚಳವನ್ನು ಕಿತ್ತುಕೊಂಡು ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕುತ್ತಾರೆ, ಒಳಬದಿ ಹೊರಗೆ ಕಾಣುವ ಹಾಗೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಬಹಳ ಯೋಚಿಸುವುದಿಲ್ಲ. ಮಂಡಿ ಇನ್ನೊಂದು ಐದು ವರ್ಷ ಕೈಕೊಡದಿರಲಿ ಎನ್ನುತ್ತಾರೆ, ಆಮೇಲೆ ಗಂಡನ ಕಡೆ ಕೈ ತೋರಿಸುತ್ತಾರೆ.

"ಇವತ್ತು ಹಾಕಿದ್ದನ್ನ ಬೇಕಾದ್ರೆ ಬಂದು ನೋಡ್ಲಿ ಇವರು. ನಾಲ್ಕರಲ್ಲಿ ಒಂದೂ ಸಡಿಲ ಇಲ್ಲ."